ಮೊದಲು ಲೆಕ್ಕ, ಆಮೇಲೆ ಬಂಗಾರ: ಐರಿಷ್ ಕುಟುಂಬವೊಂದರ ವಲಸೆಯ ಕಾದಂಬರಿ ಬರೆಯುವ ಬಗೆ

ಕೆಲವು ವರ್ಷದ ಹಿಂದೆ ನಾನೊಂದು ಕಾದಂಬರಿ ಶುರು ಮಾಡಿದೆ. ಐರ್ಲೆಂಡಿನ ಬಡ ರೈತ ಕುಟುಂಬ, 1847ರ ಬರ, ಹಸಿವು ತಾಳಲಾರದೆ ಹಡಗು ಹತ್ತುತ್ತಾರೆ, ಆಸ್ಟ್ರೇಲಿಯಾದಲ್ಲಿ ಇಳಿದು ಬಂಗಾರ ಅಗೆಯುತ್ತಾರೆ. 60 ಪುಟ ಬರೆದು, ಬ್ಯಾಂಕಿನಿಂದ ನಿವೃತ್ತರಾಗಿದ್ದ ಚಿಕ್ಕಪ್ಪನ ಕೈಗೆ ಕೊಟ್ಟೆ. ಎರಡು ದಿನ ಬಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಕಣೋ, ಊಟಕ್ಕೇ ಗತಿ ಇಲ್ಲ ಅಂತ ಬರೆದಿದ್ದೀಯ. ಹಡಗಿನ ಟಿಕೆಟ್ಟಿಗೆ ದುಡ್ಡು ಯಾರು ಕೊಟ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ಗೊತ್ತಾಯಿತು. 1847ರಲ್ಲಿ ಆಸ್ಟ್ರೇಲಿಯಾದ ಬಂಗಾರದ ಸುದ್ದಿ ಜಗತ್ತಿಗೆ ಮುಟ್ಟಿರಲೇ ಇಲ್ಲ. 60 ಪುಟವೂ ರದ್ದಿಗೆ ಹೋಯಿತು.

ಈಗ ಎರಡನೇ ಸಲ ಬರೆಯುತ್ತಿದ್ದೇನೆ. ಹಾಗೆ ಬರೆಯುವಾಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಇಡುತ್ತೇನೆ. ಇಂಥ ಕಥೆಯಲ್ಲಿ ಎಲ್ಲರ ಕಣ್ಣೂ ಬಂಗಾರದ ಮೇಲೆ ಇರುತ್ತದೆ. ಬರೆಯುವವರ ಕಣ್ಣು ಗೇಣಿ, ಟಿಕೆಟ್ಟು, ಲೈಸೆನ್ಸು ಈ ಮೂರರ ಮೇಲೆ ಇರಬೇಕು. ಕುಟುಂಬದ ಪ್ರತಿ ತೀರ್ಮಾನದ ಹಿಂದೆಯೂ ಯಾರಿಗೋ ಕೊಡಬೇಕಾದ ದುಡ್ಡು ಇದೆ.

ಹೆಜ್ಜೆ 1: ಯಾವ ಬಂಗಾರ, ಯಾವ ವರ್ಷ?

ಐರಿಷ್ ಜನ ಬಂಗಾರದ ಬೆನ್ನು ಹತ್ತಿ ಹೋದ ಜಾಗ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1848ರ ಜನವರಿಯಲ್ಲಿ ಬಂಗಾರ ಸಿಕ್ಕಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1851ರಲ್ಲಿ. ನ್ಯೂಜಿಲೆಂಡಿನ ಒಟಾಗೊದಲ್ಲಿ 1861ರಲ್ಲಿ. ಕೆನಡಾದ ಕ್ಲೋಂಡೈಕ್‌ನಲ್ಲಿ 1896ರಲ್ಲಿ. ಒಂದನ್ನು ಆರಿಸಿ, ಉಳಿದವನ್ನು ಮರೆತುಬಿಡಿ. ನಾನು ಆರಿಸಿದ್ದು ವಿಕ್ಟೋರಿಯಾದ ಬ್ಯಾಲರಾಟ್. ದಾಖಲೆ ಜಾಸ್ತಿ ಸಿಗುತ್ತದೆ, ಅದೂ ಪುಕ್ಕಟೆಯಾಗಿ. ಜೊತೆಗೆ 1854ರಲ್ಲಿ ಅಲ್ಲಿ ನಡೆದ ದಂಗೆಯ ನಾಯಕನೇ ಒಬ್ಬ ಐರಿಷ್‌ನವನು.

ಇನ್ನು ವರ್ಷ. ಗೋಡೆ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಅದರ ಬೆನ್ನಿಗೆ ಹೀಗೆ ಬರೆದುಕೊಳ್ಳಿ. ಆಲೂಗಡ್ಡೆ ರೋಗ ಐರ್ಲೆಂಡಿಗೆ ಬಂದದ್ದು 1845ರ ಸೆಪ್ಟೆಂಬರಿನಲ್ಲಿ. 1846ರ ಬೆಳೆ ಹೆಚ್ಚುಕಮ್ಮಿ ಪೂರ್ತಿ ಹೋಯಿತು. 1847ರಲ್ಲಿ ರೋಗ ಕಮ್ಮಿ ಇತ್ತು. ಆದರೆ ಹಸಿವಿಗೆ ಬಿತ್ತನೆ ಗೆಡ್ಡೆಯನ್ನೇ ತಿಂದಿದ್ದರು, ನೆಟ್ಟದ್ದೇ ಸ್ವಲ್ಪ. 1848ರಲ್ಲಿ ರೋಗ ಮತ್ತೆ ಬಂತು. ಬ್ಯಾಲರಾಟ್‌ನಲ್ಲಿ ಬಂಗಾರ ಸಿಕ್ಕಿದ್ದು 1851ರ ಆಗಸ್ಟ್‌ನಲ್ಲಿ. ಆ ಸುದ್ದಿ ಹಡಗಿನಲ್ಲೇ ಬರಬೇಕು, ಅದಕ್ಕೆ ಮೂರು ನಾಲ್ಕು ತಿಂಗಳು. ಹಾಗಾಗಿ ನಿಮ್ಮ ಕುಟುಂಬ 1852ರ ಮೊದಲು ಬಂಗಾರಕ್ಕೆಂದು ಹೊರಡುವ ಹಾಗೇ ಇಲ್ಲ.

ಅಂದರೆ ಬರಕ್ಕೂ ಬಂಗಾರಕ್ಕೂ ನಡುವೆ ನಾಲ್ಕೈದು ವರ್ಷದ ಸಂದು ಇದೆ. ಹೊಸದಾಗಿ ಬರೆಯುವವರು ಇದನ್ನು "ಹೀಗೆ ಕೆಲವು ವರ್ಷ ಕಳೆದವು" ಅಂತ ಒಂದು ಸಾಲಿನಲ್ಲಿ ಹಾರಿಬಿಡುತ್ತಾರೆ. ಹಾರಬೇಡಿ. ಆ ಸಂದಿನಲ್ಲಿ ಇವರು ಹೇಗೆ ಬದುಕಿ ಉಳಿದರು ಅನ್ನುವುದೇ ಕಾದಂಬರಿಯ ಮೊದಲ ಅರ್ಧ.

ಹೆಜ್ಜೆ 2: ಒಂದೇ ಊರು ಹಿಡಿಯಿರಿ

"ಐರ್ಲೆಂಡಿನ ಒಂದು ಹಳ್ಳಿ" ಅಂದರೆ ಸಾಲದು. ನಾನು ಕ್ಲೇರ್ ಕೌಂಟಿಯ ಕಿಲ್ರಷ್ ಸುತ್ತಮುತ್ತಲಿನ ಪಶ್ಚಿಮ ಕರಾವಳಿ ಹಿಡಿದೆ. ಕ್ಲೇರ್, ಟಿಪ್ಪರೇರಿ ಕಡೆಯ ಜನ ವಿಕ್ಟೋರಿಯಾಕ್ಕೆ ತುಂಬ ಹೋದರು. ಇನ್ನೊಂದು ಕಾರಣ, 1847ರಿಂದ ಮೂರು ನಾಲ್ಕು ವರ್ಷ ಕಿಲ್ರಷ್ ಸುತ್ತ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದರು. ಅದರ ವರದಿಗಳಿವೆ, 1849ರ ಕೊನೆಗೆ ಲಂಡನ್ನಿನ ಚಿತ್ರಪತ್ರಿಕೆಯೊಂದರಲ್ಲಿ ಅಚ್ಚಾದ ಚಿತ್ರಗಳೂ ಇವೆ. ಒಡೆಯನ ಆಳುಗಳು ಸೂರು ಕಿತ್ತುಹಾಕಿದ ಮನೆ, ಗೋಡೆ ಮೂಲೆಗೆ ಹುಲ್ಲು ಹೊದಿಸಿ ಮಾಡಿಕೊಂಡ ಗೂಡು. ಸುಮ್ನೆ ಆ ಚಿತ್ರಗಳನ್ನು ನೋಡುತ್ತಾ ಒಂದು ಸಂಜೆ ಕೂತರೆ ಎರಡು ಅಧ್ಯಾಯಕ್ಕೆ ಬೇಕಾದ್ದು ಸಿಗುತ್ತದೆ.

ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲ ಇದೆ. ಗೇಣಿ, ಗೇಣಿದಾರ, ಒಡೆಯ, ಒಕ್ಕಲೆಬ್ಬಿಸು. ಈ ಮಾತುಗಳಿಗೆ ನಮ್ಮಲ್ಲಿ ಆಗಲೇ ನೋವಿದೆ, ವಿವರಿಸಬೇಕಾಗಿಲ್ಲ. ಅಜ್ಜನ ಕಾಲದ ಗೇಣಿ ಕಥೆ ಕೇಳಿ ಬೆಳೆದ ಓದುಗರಿಗೆ "ಒಕ್ಕಲೆಬ್ಬಿಸಿದರು" ಅಂದ ತಕ್ಷಣ ಅಂಗಳದಲ್ಲಿ ಬಿದ್ದ ಪಾತ್ರೆ ಕಾಣುತ್ತದೆ.

ಆದರೆ ಗೇಣಿಯ ವಿವರ ಅಲ್ಲಿಯದ್ದೇ ಇರಬೇಕು. ಅಲ್ಲಿ ಗೇಣಿ ಕಟ್ಟುವ ದಿನ ವರ್ಷಕ್ಕೆ ಎರಡು, ಸಾಮಾನ್ಯವಾಗಿ ಮೇ ಮತ್ತು ನವೆಂಬರ್. ಹೊಸ ಗೇಣಿದಾರನಿಗೆ ಮೊದಲ ಕಂತಿನಲ್ಲಿ ಆರು ತಿಂಗಳ ಸಡಿಲ ಕೊಡುತ್ತಿದ್ದರು. ಒಳ್ಳೆಯತನದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಆ ಬಾಕಿ ಯಾವತ್ತೂ ತೀರುವುದಿಲ್ಲ. ಅವನು ಬದುಕಿರುವಷ್ಟು ದಿನವೂ ಆರು ತಿಂಗಳ ಸಾಲಗಾರ. ಒಡೆಯನ ಏಜೆಂಟನಿಗೆ ಅವನನ್ನು ಎಬ್ಬಿಸಲು ಬೇರೆ ನೆಪ ಬೇಕಿಲ್ಲ. ಮುಖ ಕೊಟ್ಟು ಮಾತಾಡದ ಹೆಂಡತಿ, ನವೆಂಬರ್ ಹತ್ತಿರ ಬಂದ ಹಾಗೆ ಮಾತು ಕಮ್ಮಿ ಮಾಡುವ ಗಂಡ, ಇಂಥವು ಈ ಬಾಕಿಯಿಂದ ತಾನಾಗಿ ಹುಟ್ಟುತ್ತವೆ.

ಬೆಳೆಯ ಲೆಕ್ಕವೂ ಹೀಗೇ. ಓಟ್ಸ್ ಬೆಳೆದರೂ ಅದು ಗೇಣಿಗೆ ಹೋಗುತ್ತದೆ. ಹಂದಿ ಸಾಕಿದರೆ ಅದೂ ಗೇಣಿಗೆ. ತಿನ್ನುವುದಕ್ಕೆ ಉಳಿಯುವುದು ಆಲೂಗಡ್ಡೆ, ಮಜ್ಜಿಗೆ. ಮೈಮುರಿದು ದುಡಿಯುವ ಗಂಡಾಳು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ. ಬಡವರು ನೆಡುತ್ತಿದ್ದ ತಳಿ ಲಂಪರ್. ರುಚಿ ಸಾಧಾರಣ, ಇಳುವರಿ ಜಾಸ್ತಿ. ಇಡೀ ನಾಡೇ ಹೆಚ್ಚುಕಮ್ಮಿ ಒಂದೇ ತಳಿ ನೆಟ್ಟಿತ್ತು, ರೋಗ ಬಂದಾಗ ಒಟ್ಟಿಗೇ ಮಲಗಿತು. ಹಳೇ ದಾಸ್ತಾನು ಮುಗಿದು ಹೊಸದು ಬರುವ ಮೊದಲು, ಜುಲೈ-ಆಗಸ್ಟ್‌ನಲ್ಲಿ, ಒಳ್ಳೆಯ ವರ್ಷದಲ್ಲೂ ಹಸಿವೇ.

ಗೆಡ್ಡೆ ಇಡುತ್ತಿದ್ದದ್ದು ನೆಲದ ಗುಂಡಿಯಲ್ಲಿ. ನಮ್ಮ ಹಗೇವು ನೆನಪು ಮಾಡಿಕೊಳ್ಳಿ. ಹಗೇವಿನ ಬಾಯಿ ತೆಗೆದರೆ ಕಾಳಿನ ಬಿಸಿ ಬರುತ್ತದೆ. ಅಲ್ಲಿ ಗುಂಡಿ ತೆಗೆದಾಗ ಬಂದದ್ದು ಕೊಳೆತ ನಾತ, ಒಳಗೆ ಕಪ್ಪು ರಾಡಿ. ಆ ವಾಸನೆಯನ್ನು ಚೆನ್ನಾಗಿ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ಒಂದು ಕಾನೂನು ಮಾತ್ರ ಮರೆಯಬೇಡಿ. 1847ರ ತಿದ್ದುಪಡಿಯ ಪ್ರಕಾರ ಕಾಲು ಎಕರೆಗಿಂತ ಜಾಸ್ತಿ ನೆಲ ಇಟ್ಟುಕೊಂಡವರಿಗೆ ಸರ್ಕಾರದ ಬರ ಪರಿಹಾರ ಇಲ್ಲ. ನೆಲ ಬಿಟ್ಟರೆ ಗಂಜಿ, ಇಟ್ಟುಕೊಂಡರೆ ಉಪವಾಸ. ನಿಮ್ಮ ಕಥೆಯ ಅಪ್ಪ ಯಾವುದನ್ನು ಆರಿಸುತ್ತಾನೆ? ಇದನ್ನು ತೀರ್ಮಾನಿಸದೆ ಮುಂದೆ ಹೋಗಬೇಡಿ. ನನ್ನ ಕರಡಿನಲ್ಲಿ ಅಪ್ಪ ಮೂರು ತಿಂಗಳು ತಡ ಮಾಡುತ್ತಾನೆ. ಆ ಮೂರು ತಿಂಗಳಿಗೆ ಒಂದು ಮಗುವಿನ ಬೆಲೆ ತೆರುತ್ತಾನೆ.

ಬರದ ಒಟ್ಟು ಲೆಕ್ಕ: ಸತ್ತವರು ಸುಮಾರು 10 ಲಕ್ಷ, ದೇಶ ಬಿಟ್ಟವರೂ ಸುಮಾರು ಅಷ್ಟೇ. 1841ರ ಜನಗಣತಿಯಲ್ಲಿ 81 ಲಕ್ಷ ದಾಟಿದ್ದ ಜನ, 1851ರಲ್ಲಿ 65 ಲಕ್ಷದ ಆಸುಪಾಸು. ಈ ಅಂಕಿಗಳು ನಿಮಗೆ ಗೊತ್ತಿರಲಿ, ಕಾದಂಬರಿಯಲ್ಲಿ ಬೇಡ. ಊರಿನವರಿಗೆ ಲಕ್ಷದ ಲೆಕ್ಕ ಗೊತ್ತಿರುವುದಿಲ್ಲ. ಯಾವ ಮನೆಯಲ್ಲಿ ಹೊಗೆ ಏಳುತ್ತಿಲ್ಲ ಅನ್ನುವುದು ಗೊತ್ತಿರುತ್ತದೆ.

ಹೆಜ್ಜೆ 3: ಚಿಕ್ಕಪ್ಪನ ಪ್ರಶ್ನೆಗೆ ಉತ್ತರ

ಅಮೆರಿಕಕ್ಕೆ ಹೋಗುವ ಹಡಗಿನ ತಳದ ದರ್ಜೆಗೆ ಮೂರರಿಂದ ಐದು ಪೌಂಡ್ ಸಾಕಿತ್ತು. ಆಸ್ಟ್ರೇಲಿಯಾಕ್ಕೆ ಅದರ ಮೂರು ನಾಲ್ಕು ಪಟ್ಟು. ಬರದಲ್ಲಿ ಬೆಂದವರು ಹೆಚ್ಚಾಗಿ ಅಮೆರಿಕದ ಕಡೆ ಹೋಗಿದ್ದು ಇದಕ್ಕೇ. ಹಾಗಾದರೆ ನಮ್ಮ ಕುಟುಂಬ ಬ್ಯಾಲರಾಟ್ ಮುಟ್ಟುವುದು ಹೇಗೆ?

ಒಂದು ದಾರಿ ಸರ್ಕಾರದ ನೆರವಿನ ಟಿಕೆಟ್ಟು. ವಸಾಹತಿಗೆ ಬೇಕಾಗಿದ್ದ ಕೂಲಿಯಾಳು, ಮನೆಗೆಲಸದ ಹೆಣ್ಣುಮಕ್ಕಳಿಗೆ ಇದು ಸಿಗುತ್ತಿತ್ತು. ಇನ್ನೊಂದು, ಮೊದಲು ಹೋದವರು ಕಳಿಸುವ ದುಡ್ಡು. ನಾನು ಈ ಎರಡನ್ನೂ ಹೆಣೆದೆ, ಹೆಣೆಯಲು ಒಂದು ನಿಜವಾದ ಯೋಜನೆಯೇ ಸಿಕ್ಕಿತು. 1848ರಿಂದ 1850ರವರೆಗೆ, ಆಗಿನ ವಸಾಹತು ಮಂತ್ರಿ ಅರ್ಲ್ ಗ್ರೇ ಅವರ ಹೆಸರಿನ ಯೋಜನೆಯಲ್ಲಿ, ಐರ್ಲೆಂಡಿನ ವರ್ಕ್‌ಹೌಸ್‌ಗಳಿಂದ (ಗತಿಯಿಲ್ಲದವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಸರ್ಕಾರಿ ಆಶ್ರಯಮನೆಗಳು) 4,000ಕ್ಕೂ ಹೆಚ್ಚು ಹುಡುಗಿಯರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. ಹೆಚ್ಚಿನವರು ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನವರು. ಕಾಗದದಲ್ಲಿ ಎಲ್ಲರೂ "ಅನಾಥರು". ನಿಜದಲ್ಲಿ ಎಷ್ಟೋ ಹುಡುಗಿಯರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಪ್ರತಿಯೊಬ್ಬಳಿಗೂ ಒಂದು ಮರದ ಪೆಟ್ಟಿಗೆ. ಅದರಲ್ಲಿ 6 ಒಳಂಗಿ, 6 ಜೊತೆ ಕಾಲುಚೀಲ, 2 ಜೊತೆ ಶೂ, 2 ಗೌನು. ಮನೆಯಲ್ಲಿ ಉಳಿದವರು ಅಷ್ಟು ಬಟ್ಟೆಯನ್ನು ಒಟ್ಟಿಗೆ ನೋಡಿಯೇ ಇರಲಿಲ್ಲ.

ಈಗ ಕಥೆ ತಾನಾಗಿ ನಿಲ್ಲುತ್ತದೆ ನೋಡಿ. ಹಿರಿಮಗಳು ಬದುಕಿರುವ ಅಮ್ಮನನ್ನು ಸತ್ತಳು ಅಂತ ಬರೆಸಿ ಹಡಗು ಹತ್ತುತ್ತಾಳೆ. ಮೆಲ್ಬರ್ನ್‌ನಲ್ಲಿ ಮನೆಗೆಲಸ. ಒಂದೆರಡು ವರ್ಷದಲ್ಲಿ ಬಂಗಾರದ ಗದ್ದಲ. ಸಂಬಳ ಏರುತ್ತದೆ, ಅವಳು ದುಡ್ಡು ಕಳಿಸುತ್ತಾಳೆ. ಕುಟುಂಬ ಹೊರಡುವುದು ಅವಳ ದುಡ್ಡಿನಲ್ಲಿ. ಬಂಗಾರ ಅಗೆಯಲು ಹೋಗುವ ಅಪ್ಪ ಮಗಳ ಸಾಲಗಾರ. ಇದನ್ನು ನಾನು ಕಟ್ಟಿದ್ದು ಅಂತ ಹೇಳಿಕೊಳ್ಳಲು ಆಸೆ, ಆದರೆ ಟಿಕೆಟ್ಟಿನ ದರವೇ ಕಟ್ಟಿಕೊಟ್ಟಿತು.

ಹೆಜ್ಜೆ 4: ಬೀಳ್ಕೊಡುಗೆಯ ರಾತ್ರಿ

ದೂರದೇಶಕ್ಕೆ ಹೊರಟವರ ಮನೆಯಲ್ಲಿ ಹಿಂದಿನ ರಾತ್ರಿ ಊರೆಲ್ಲ ಸೇರುತ್ತಿತ್ತು. ಸತ್ತವರ ಮನೆಯಲ್ಲಿ ಜಾಗರಣೆ ಕೂತ ಹಾಗೆ. ಪಿಟೀಲು, ಕುಣಿತ, ನಡುವೆ ಹಾಡಿ ಅಳುವುದು. ಹೋದವರು ಮತ್ತೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಇದನ್ನು ಎಲ್ಲರೂ ಬರೆಯುತ್ತಾರೆ, ಹಾಗಾಗಿ ಚಿಕ್ಕದಾಗಿ ಬರೆಯಿರಿ. ನಾನು ಬರೆದ ಹನ್ನೊಂದು ಪುಟ ಈಗ ಒಂದೂವರೆಗೆ ಇಳಿದಿದೆ.

ಹೆಜ್ಜೆ 5: ಹಡಗು

ಲಿವರ್‌ಪೂಲಿನಿಂದ ಮೆಲ್ಬರ್ನ್‌ಗೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು. 1852ರಲ್ಲಿ ಮಾರ್ಕೋ ಪೋಲೋ ಅನ್ನುವ ಹಡಗು 76 ದಿನಕ್ಕೆ ಮುಟ್ಟಿ ಹೆಸರು ಮಾಡಿತು. ಅದೇ ಪಯಣದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ದಡಾರ ಬಂದ ಮಕ್ಕಳು. ದಾಖಲೆಯ ಸಂಭ್ರಮದ ಜೊತೆ ಇದನ್ನೂ ಬರೆಯದಿದ್ದರೆ ಕಥೆ ಸುಳ್ಳಾಗುತ್ತದೆ.

ಕೆಳಗಿನ ಅಟ್ಟದಲ್ಲಿ ಒಂಟಿ ಗಂಡಸರು ಮುಂದೆ, ಕುಟುಂಬಗಳು ನಡುವೆ, ಒಂಟಿ ಹೆಂಗಸರು ಹಿಂದೆ. ಆರೆಂಟು ಜನರ ಒಂದೊಂದು ಗುಂಪಿಗೆ ಒಟ್ಟಿಗೆ ರೇಷನ್. ಗಟ್ಟಿ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ, ಹಿಟ್ಟು, ಬಟಾಣಿ, ಚಹಾ, ಸಕ್ಕರೆ. ಒಂದು ವಿಚಿತ್ರ ಗಮನಿಸಿ. ಬರದಿಂದ ಬಂದ ಮಗುವಿಗೆ ವಾರಕ್ಕೆ ಕೆಲವು ಸಲವಾದರೂ ಮಾಂಸ ಸಿಗುವುದು ಹಡಗಿನಲ್ಲೇ ಮೊದಲು. ಎಲ್ಲರೂ ಹಡಗನ್ನು ನರಕ ಅಂತ ಬರೆಯುತ್ತಾರೆ. ನಿಮ್ಮ ಕಥೆಯ ಎಂಟು ವರ್ಷದ ಹುಡುಗನಿಗೆ ಅದು ಹಬ್ಬವಾಗಿರಬಹುದು.

ದಾರಿ ಅಟ್ಲಾಂಟಿಕ್ ಉದ್ದಕ್ಕೂ ಕೆಳಗಿಳಿದು, ಸಮಭಾಜಕದ ಸೆಕೆ ದಾಟಿ, ತೆಂಕಣ ಸಮುದ್ರದ ಕೊರೆಯುವ ಚಳಿಗೆ ಹೋಗುತ್ತದೆ. ಆಕಾಶದಲ್ಲಿ ಊರಿನ ನಕ್ಷತ್ರಗಳು ಮುಳುಗಿ, ತೆಂಕಣ ಶಿಲುಬೆ ಅನ್ನುವ ನಕ್ಷತ್ರಗುಂಪು ಏಳುತ್ತದೆ. ಅದನ್ನು ಇಲ್ಲಿ ಒಂದು ಸಲ ತೋರಿಸಿ ಬಿಡಿ. ಎರಡು ವರ್ಷದ ಮೇಲೆ ಅದೇ ನಕ್ಷತ್ರಗಳು ಬಾವುಟದ ಮೇಲೆ ಬರುತ್ತವೆ.

ಹೆಜ್ಜೆ 6: ಇಳಿದ ಮೇಲೆ

1852-53ರಲ್ಲಿ ಮೆಲ್ಬರ್ನ್ ಹುಚ್ಚೆದ್ದಿತ್ತು. ಬಂದರಿನಲ್ಲಿ ನಾವಿಕರೇ ಇಲ್ಲದ ಹಡಗುಗಳ ಸಾಲು, ಅವರೆಲ್ಲ ಬಂಗಾರಕ್ಕೆ ಓಡಿದ್ದರು. ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಯಾರಾ ಹೊಳೆಯ ಆಚೆ ದಡದಲ್ಲಿ ಬರೀ ಡೇರೆಗಳ ಊರೊಂದು ಎದ್ದಿತ್ತು. ಡೇರೆ ಹಾಕುವ ಜಾಗಕ್ಕೆ ವಾರಕ್ಕೆ 5 ಶಿಲಿಂಗ್. ಬಂದ ಮೊದಲ ದಿನವೇ ಮತ್ತೆ ನೆಲದ ಬಾಡಿಗೆ! ಅಪ್ಪನ ಮುಖ ಹೇಗಾಗಿರಬೇಕು, ಬರೆಯಿರಿ. ಅಲ್ಲಿಂದ ಬ್ಯಾಲರಾಟ್ ಸುಮಾರು 110 ಕಿಲೋಮೀಟರ್. ಬಡವರು ನಡೆದೇ ಹೋಗುತ್ತಿದ್ದರು.

ಋತುಗಳು ತಲೆಕೆಳಗು. ನನ್ನ ಮೊದಲ ಕರಡಿನಲ್ಲಿ ಬ್ಯಾಲರಾಟ್‌ನ ಕ್ರಿಸ್‌ಮಸ್ ರಾತ್ರಿ ಹಿಮ ಸುರಿಸಿದ್ದೆ. ಡಿಸೆಂಬರ್ ಅಲ್ಲಿ ಬೇಸಿಗೆ. ಧೂಳು, ನೊಣ, ಭೇದಿ.

ಹೆಜ್ಜೆ 7: ಬಂಗಾರ ತೆಗೆಯುವ ಕೆಲಸವನ್ನು ಕೈಯಲ್ಲಿ ಮಾಡಿ ನೋಡಿ

ಹೆಚ್ಚಿನ ಕಾದಂಬರಿಗಳು ಬೀಳುವುದು ಇಲ್ಲೇ. "ಗುದ್ದಲಿ ಹಾಕಿದ, ಹಳದಿ ಹೊಳೆಯಿತು" ಅಂತ ಮುಗಿಸುತ್ತಾರೆ. ಕೆಲಸ ಗೊತ್ತಿಲ್ಲದೆ ಬರೆದರೆ ಓದುಗರಿಗೆ ಒಂದೇ ಪುಟದಲ್ಲಿ ತಿಳಿಯುತ್ತದೆ.

ಒಂದು ಬೋಗುಣಿಯಲ್ಲಿ ಅಕ್ಕಿ ಗಾಳಿಸಿ. ನೀರು ಹಾಕಿ, ಮೆಲ್ಲಗೆ ಆಡಿಸಿ, ಅಕ್ಕಿಯನ್ನು ನೀರಿನ ಜೊತೆ ಇನ್ನೊಂದು ಪಾತ್ರೆಗೆ ಜಾರಿಸಿದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ಬಂಗಾರ ಜಾಲಿಸುವುದೂ ಇದೇ. ಮಣ್ಣು, ಮರಳು ಹಗುರ, ಹೋಗುತ್ತವೆ. ಬಂಗಾರ ಭಾರ, ಉಳಿಯುತ್ತದೆ. ಅಡುಗೆಮನೆಯಲ್ಲಿ ಎಸೆಯುವುದು ಕಲ್ಲನ್ನು, ಅಲ್ಲಿ ಇಟ್ಟುಕೊಳ್ಳುವುದು ಕಲ್ಲಿನ ಜಾಗದಲ್ಲಿರುವುದನ್ನು, ಅಷ್ಟೇ ವ್ಯತ್ಯಾಸ. ನನ್ನ ಕಥೆಯಲ್ಲಿ ಈ ಕೈಚಳಕ ಅಪ್ಪನಿಗಿಂತ ಅಮ್ಮನಿಗೆ ಬೇಗ ಬರುತ್ತದೆ.

ಮಣ್ಣು ಜಾಸ್ತಿ ಇದ್ದರೆ ಮರದ "ತೊಟ್ಟಿಲು". ಒಬ್ಬರು ಮಣ್ಣು ಸುರಿಯಬೇಕು, ಒಬ್ಬರು ನೀರು ಹೊಯ್ಯಬೇಕು, ಒಬ್ಬರು ತೂಗಬೇಕು. ಅಲ್ಲಿಯವರೂ ಅದನ್ನು ತೊಟ್ಟಿಲು ಅಂತಲೇ ಕರೆದರು, ಮಗುವಿನ ತೊಟ್ಟಿಲಿನ ಮಾತಿನಲ್ಲೇ.

ಆದರೆ ಇವೆಲ್ಲ ಮೊದಲ ತಿಂಗಳುಗಳ ಮಾತು. 1854ರ ಹೊತ್ತಿಗೆ ಬ್ಯಾಲರಾಟ್‌ನ ಮೇಲ್ಮಣ್ಣಿನ ಬಂಗಾರ ಮುಗಿದಿತ್ತು. ಉಳಿದದ್ದು ಪುರಾತನ ಹೊಳೆಗಳ ಪಾತ್ರದಲ್ಲಿ, ಮಣ್ಣಿನ ಅಡಿ, 100 ಅಡಿಗೂ ಆಳದಲ್ಲಿ. ಬಾವಿ ತೋಡಬೇಕು, ಕುಸಿಯದ ಹಾಗೆ ಹಲಗೆ ಕೊಡಬೇಕು, ಕೈರಾಟೆಯಲ್ಲಿ ಬಕೆಟ್ಟು ಎಳೆಯಬೇಕು, ರಾತ್ರಿ ನೀರು ಎತ್ತಬೇಕು. ತಿಂಗಳುಗಟ್ಟಲೆ ತೋಡಿದ ಮೇಲೆ ಹಳೇ ಹೊಳೆ ನಾಲ್ಕು ಮಾರು ಆಚೆ ತಿರುಗಿತ್ತು ಅಂತ ಗೊತ್ತಾದರೆ ಮುಗಿಯಿತು. ನಮ್ಮಲ್ಲಿ ಬೋರ್‌ವೆಲ್ ಕೊರೆಸಿ ಬರೀ ಧೂಳು ಕಂಡವರಿಗೆ ಈ ಸಂಕಟ ಹೊಸದಲ್ಲ. ಅಷ್ಟೂ ದಿನ ಅಂಗಡಿಯಲ್ಲಿ ಸಾಲ. ತಮ್ಮಲ್ಲೇ ನಾಲ್ಕಾರು ಜನ ಪಾಲುದಾರರಾಗಿ ಸೇರಿ ಕೆಲಸ ಮಾಡುತ್ತಿದ್ದದ್ದೂ ಇದಕ್ಕೇ.

ಅಳತೆ ಬಗ್ಗೆ ಒಂದು ಮಾತು. ಬಂಗಾರದ ಔನ್ಸ್ ಅಂದರೆ 31 ಗ್ರಾಂ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲಕ್ಕೆ ಸ್ವಲ್ಪ ಜಾಸ್ತಿ. ಒಂದು ಸಲ ಹೀಗೆ ಹೇಳಿ, ಆಮೇಲೆ ಔನ್ಸೇ ಬಳಸಿ. 12 ಪೆನ್ನಿಗೆ 1 ಶಿಲಿಂಗ್, 20 ಶಿಲಿಂಗಿಗೆ 1 ಪೌಂಡ್. ಆಣೆ ಲೆಕ್ಕ ನೆನಪಿರುವ ಹಿರಿಯರಿಗೆ ಇದು ಕಷ್ಟವಾಗುವುದಿಲ್ಲ.

ಗಟ್ಟಿಯ ಆಸೆ ಬೇಡ. 1858ರಲ್ಲಿ ಬ್ಯಾಲರಾಟ್‌ನಲ್ಲಿ 69 ಕಿಲೋ ತೂಗುವ ಗಟ್ಟಿ ಸಿಕ್ಕಿದ್ದು ನಿಜ. ನಿಮ್ಮ ಕುಟುಂಬಕ್ಕೆ ಅದನ್ನು ಕೊಡಬೇಡಿ. ಖರ್ಚು ಕಳೆದು ಸ್ವಲ್ಪ ಉಳಿಯುವಷ್ಟು ಕೊಡಿ. ನನ್ನ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಒಟ್ಟು ಸಿಗುವುದು ಮಗಳ ಸಾಲ ತೀರುವಷ್ಟು, ಮೇಲೆ ಒಂದು ಕುದುರೆ ಗಾಡಿ.

ಹೆಜ್ಜೆ 8: ಲೈಸೆನ್ಸು ಮತ್ತು ಯುರೇಕಾ

ಅಗೆಯಲು ಲೈಸೆನ್ಸು ಬೇಕು. 1851ರಲ್ಲಿ ಒಬ್ಬನಿಗೆ 8 ಅಡಿ ಚೌಕದ ಜಾಗ, ತಿಂಗಳಿಗೆ 30 ಶಿಲಿಂಗ್. ಬಂಗಾರ ಸಿಗಲಿ ಬಿಡಲಿ ಕಟ್ಟಲೇಬೇಕು. ಪ್ರತಿಭಟನೆ ಆದ ಮೇಲೆ 1853ರ ಕೊನೆಗೆ ದರ ಇಳಿಸಿದರು, ತಿಂಗಳಿಗೆ 1 ಪೌಂಡ್, ಮೂರು ತಿಂಗಳಿಗೆ 2. ಕಾಗದ ಸದಾ ಮೈಮೇಲೆ ಇರಬೇಕು. ನೀರು ಸೋರುವ ಬಾವಿಯೊಳಗೆ ಇಳಿದವನು ಕಾಗದ ಎಲ್ಲಿಟ್ಟುಕೊಳ್ಳಬೇಕು? ಪೊಲೀಸರು ಕುದುರೆ ಮೇಲೆ ಬಂದು ಹಿಡಿಯುತ್ತಿದ್ದರು, ಸಿಕ್ಕವರನ್ನು ಮರಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಅವರು ಬಂದ ಸುಳಿವು ಸಿಕ್ಕ ಕೂಡಲೇ ಗಣಿಯುದ್ದಕ್ಕೂ "ಜೋ! ಜೋ!" ಅಂತ ಕೂಗು. ಆಗ ಆಡಳಿತ ನಡೆಸಿದ ಚಾರ್ಲ್ಸ್ ಜೋಸೆಫ್ ಲಾ ಟ್ರೋಬ್ ಹೆಸರಿನಿಂದ ಬಂದ ಕೂಗು ಅದು. ಮಕ್ಕಳ ಬಾಯಲ್ಲಿ ಹಾಕಲು ಇದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ.

1854ರ ಅಕ್ಟೋಬರಿನಲ್ಲಿ ಒಬ್ಬ ಅಗೆಯುವವನ ಕೊಲೆ, ಆರೋಪ ಹೊತ್ತ ಹೋಟೆಲಿನವನನ್ನು ಬಿಟ್ಟುಬಿಟ್ಟದ್ದು, ಜನ ಆ ಹೋಟೆಲು ಸುಟ್ಟದ್ದು. ನವೆಂಬರ್ 29ಕ್ಕೆ ಬೇಕರಿ ಹಿಲ್‌ನಲ್ಲಿ ಲೈಸೆನ್ಸುಗಳನ್ನು ಸುಟ್ಟರು. ಮರುದಿನ ತೆಂಕಣ ಶಿಲುಬೆಯ ಬಾವುಟದ ಅಡಿ ಅಗೆಯುವವರ ಐರಿಷ್ ನಾಯಕ ಪೀಟರ್ ಲೇಲರ್ ಎಲ್ಲರಿಂದ ಆಣೆ ಮಾಡಿಸಿದ. ಡಿಸೆಂಬರ್ 3, ಭಾನುವಾರ ನಸುಕಿನಲ್ಲಿ ಸುಮಾರು 300 ಸೈನಿಕರು, ಪೊಲೀಸರು, ಅಗೆಯುವವರು ಯುರೇಕಾ ಅನ್ನುವ ಜಾಗದಲ್ಲಿ ಕಟ್ಟಿಕೊಂಡಿದ್ದ ಮರದ ಬೇಲಿಗೆ ನುಗ್ಗಿದರು. ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಗೆಯುವವರ ಕಡೆ 20ಕ್ಕೂ ಹೆಚ್ಚು ಜನ ಸತ್ತರು. ಲೇಲರ್ ಎಡಗೈ ಕಳೆದುಕೊಂಡ, ಆಮೇಲೆ ಅದೇ ವಿಕ್ಟೋರಿಯಾದ ಶಾಸನಸಭೆಯ ಸ್ಪೀಕರ್ ಆದ. ದೇಶದ್ರೋಹದ ಆರೋಪ ಹೊತ್ತ 13 ಜನರನ್ನೂ ಜ್ಯೂರಿ ಬಿಟ್ಟಿತು.

ಈಗ ಮುಖ್ಯವಾದ ಎಚ್ಚರಿಕೆ. ನಿಮ್ಮ ನಾಯಕನನ್ನು ಲೇಲರ್ ಪಕ್ಕ ನಿಲ್ಲಿಸಬೇಡಿ. ಶನಿವಾರ ರಾತ್ರಿ ಬೇಲಿಯೊಳಗಿನ ಹೆಚ್ಚಿನವರು ಮನೆಗೆ ಹೋಗಿದ್ದರು, ಉಳಿದವರು ಸುಮಾರು 150. ಹೋದವರಲ್ಲಿ ಒಬ್ಬನಾಗಿರಲಿ ಅವನು. ಬೆಳಿಗ್ಗೆ ಗುಂಡಿನ ಸದ್ದಿಗೆ ಡೇರೆಯಲ್ಲಿ ಎದ್ದು ಕೂತವನ ಮನಸ್ಸು, ಒಳಗೆ ನಿಂತು ಗುಂಡು ಹಾರಿಸಿದವನ ಮನಸ್ಸಿಗಿಂತ ಬರೆಯಲು ಕಷ್ಟ. ಕಷ್ಟವಾದದ್ದಕ್ಕೇ ಓದಿಸಿಕೊಳ್ಳುತ್ತದೆ. ಇನ್ನೊಂದು: ಎದುರು ಪಕ್ಷದಲ್ಲೂ ಐರಿಷ್‌ನವರಿದ್ದರು, ಪೊಲೀಸಿನಲ್ಲೂ ಸೈನ್ಯದಲ್ಲೂ. ಅಣ್ಣ ಒಳಗೆ, ತಮ್ಮ ಹೊರಗೆ ಅಂತ ಸಿನಿಮಾ ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ.

ಹೆಜ್ಜೆ 9: ನೆಲ ಯಾರದ್ದು?

ಬ್ಯಾಲರಾಟ್ ವಾಡವುರಂಗ್ ಜನರ ನೆಲ. ಊರಿನ ಹೆಸರೂ ಅವರ ಮಾತಿನಿಂದಲೇ ಬಂದದ್ದು. ಗಣಿ ಬರುವ ಮೊದಲೇ ಕುರಿ ಸಾಕುವವರು ಅವರನ್ನು ಬದಿಗೆ ತಳ್ಳಿದ್ದರು. ಚಳಿಗಾಲದಲ್ಲಿ ಅಗೆಯುವವರು ಅವರಿಂದ ಪೋಸಮ್ ಅನ್ನುವ ಸಣ್ಣ ಪ್ರಾಣಿಯ ತೊಗಲಿನ ಹೊದಿಕೆ ಕೊಳ್ಳುತ್ತಿದ್ದರು. ಕ್ಲೇರ್‌ನಲ್ಲಿ ಒಕ್ಕಲೆದ್ದು ಬಂದವರು ಇಲ್ಲಿ ಇನ್ನೊಬ್ಬರ ನೆಲದಲ್ಲಿ ಗುಂಡಿ ತೋಡುತ್ತಿದ್ದಾರೆ. ಇದನ್ನು ಪಾತ್ರದ ಬಾಯಲ್ಲಿ ಭಾಷಣವಾಗಿ ಹೇಳಿಸಬೇಡಿ, ಆ ಕಾಲದ ಅಪ್ಪನಿಗೆ ಅದು ಹೊಳೆದಿರುವುದೂ ಅನುಮಾನ. ಹೊದಿಕೆ ಕೊಳ್ಳುವ ಒಂದು ದೃಶ್ಯ ಸಾಕು, ಚೌಕಾಸಿಯ ಜೊತೆಗೆ.

ಹೆಜ್ಜೆ 10: ಕನ್ನಡದಲ್ಲಿ ಅವರು ಹೇಗೆ ಮಾತಾಡಬೇಕು?

ನನಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಇದು. 1851ರಲ್ಲಿ ಐರ್ಲೆಂಡಿನ ಸುಮಾರು 15 ಲಕ್ಷ ಜನ ಐರಿಷ್ ಮಾತಾಡುತ್ತಿದ್ದರು, ಪಶ್ಚಿಮ ಕ್ಲೇರ್ ಅದರಲ್ಲಿ ಸೇರಿದೆ. ಏಜೆಂಟ್, ಕೋರ್ಟು, ಹಡಗಿನ ವೈದ್ಯ ಎಲ್ಲರದ್ದೂ ಇಂಗ್ಲಿಷ್. ನಾನು ಮನೆಮಾತಿಗೆ ಸರಾಗ ಆಡುಗನ್ನಡ, ಇಂಗ್ಲಿಷಿನವರ ಮಾತಿಗೆ ಬಿಗಿಯಾದ ಪುಸ್ತಕಗನ್ನಡ ಇಟ್ಟೆ. ಓದುಗರಿಗೆ ಎರಡು ಭಾಷೆ ಅಂತ ಹೇಳದೆಯೇ ತಿಳಿಯುತ್ತದೆ. ಆದರೆ ಆಡುಗನ್ನಡ ಅಂತ ಮಂಡ್ಯದ್ದೋ ಧಾರವಾಡದ್ದೋ ಪೂರ್ತಿ ಹಚ್ಚಿದರೆ ಕ್ಲೇರ್ ಕಾಣೆಯಾಗುತ್ತದೆ.

ಹೆಂಡತಿ ಗಂಡನನ್ನು "ನೀವು" ಅನ್ನಬೇಕೋ "ನೀನು" ಅನ್ನಬೇಕೋ? ಐರಿಷ್‌ನಲ್ಲಿ ಒಬ್ಬರಿಗೆ ಹೇಳುವಾಗ ನಮ್ಮ ಹಾಗೆ ಮರ್ಯಾದೆಯ ಬಹುವಚನ ಇಲ್ಲ. "ನೀನು" ಅನ್ನಿಸಿದೆ. "ರೀ" ಅಂತ ಬಂದರೆ ಆ ಹೆಂಗಸು ಥಟ್ಟನೆ ಮಲ್ಲೇಶ್ವರಕ್ಕೆ ಬಂದುಬಿಡುತ್ತಾಳೆ. ಮಕ್ಕಳು ಅಪ್ಪ, ಅವ್ವ ಅನ್ನಲಿ, ತೊಂದರೆ ಇಲ್ಲ.

ಐರಿಷ್ ತಾಯಂದಿರು ಮುದ್ದಿನಿಂದ "ಅ ಸ್ಟೋರ್" ಅನ್ನುತ್ತಾರೆ. ಅರ್ಥ "ನನ್ನ ನಿಧಿ". ನಮ್ಮಲ್ಲಿ "ಬಂಗಾರ" ಅಂತ ಕರೆದ ಹಾಗೆಯೇ. ಸಿಕ್ಕಿತು ಅಂತ ನಾನು ಮೊದಲು ಪುಟಕ್ಕೊಂದು ಸಲ ಹಾಕಿದೆ. ಈಗ ಇಡೀ ಪುಸ್ತಕದಲ್ಲಿ ಒಂದೇ ಕಡೆ ಇದೆ, ಹಿರಿಮಗಳು ವರ್ಕ್‌ಹೌಸ್ ಬಾಗಿಲು ದಾಟುವಾಗ.

ಹೆಸರಿಡುವ ಕ್ರಮ ನಮ್ಮವರಿಗೆ ಹತ್ತಿರ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಹೆಣ್ಣುಮಗುವಿಗೆ ಅಮ್ಮನ ಅಮ್ಮನ ಹೆಸರು. ಪ್ಯಾಟ್ರಿಕ್, ಮೈಕೆಲ್, ಬ್ರಿಜೆಟ್, ಮೇರಿ, ಹೊನೋರಾ. ಹಾಗಾಗಿ ಒಂದೇ ಊರಲ್ಲಿ ಹತ್ತು ಮೈಕೆಲ್‌ಗಳು. ಅಡ್ಡಹೆಸರು ಕೊಡಿ.

ಹೆಜ್ಜೆ 11: ಎಲ್ಲಿ ಹುಡುಕಬೇಕು

ಮನೆಯಲ್ಲೇ ಕೂತು ಆಗುವ ಕೆಲಸ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ ಆ ಕಾಲದ ಪತ್ರಿಕೆಗಳು ಪುಕ್ಕಟೆ. ಮೆಲ್ಬರ್ನ್‌ನ ದಿ ಆರ್ಗಸ್ ತೆಗೆಯಿರಿ. ಮುಖ್ಯ ಸುದ್ದಿ ಬಿಟ್ಟು ಜಾಹೀರಾತು ಓದಿ. ಸಾಮಾನಿನ ಬೆಲೆ, ಕಳೆದುಹೋದ ಕುದುರೆ, ಮತ್ತೆ "ಇಂಥ ಹಡಗಿನಲ್ಲಿ ಬಂದ ನನ್ನ ಅಣ್ಣ ಎಲ್ಲಿದ್ದಾನೆ" ಅನ್ನುವ ಸಣ್ಣ ಸಾಲುಗಳು. ವಿಕ್ಟೋರಿಯಾದ ಸರ್ಕಾರಿ ದಾಖಲೆ ಕಚೇರಿಯ ತಾಣದಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿಗಳಿವೆ. ಗಣಿಯ ದಿನನಿತ್ಯ ಕಾಣಬೇಕಾದರೆ ಎಸ್. ಟಿ. ಗಿಲ್ ಬರೆದ ಚಿತ್ರಗಳನ್ನು ನೋಡಿ.

ಐರ್ಲೆಂಡಿನ ಕಡೆ ಒಂದು ತೊಡಕು. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ ಬರದ ಕಾಲದ ಜನಗಣತಿಯ ಹಾಳೆಗಳು ಹೆಚ್ಚುಕಮ್ಮಿ ಎಲ್ಲ ಹೋದವು. ಬದಲಿಗೆ ನೆಲ ಹಿಡಿದವರ ಹೆಸರಿರುವ ಎರಡು ದಾಖಲೆಗಳನ್ನು, ಬರಕ್ಕಿಂತ ಮೊದಲಿನ ದಶಮಾಂಶ ತೆರಿಗೆ ಪುಸ್ತಕ, ಬರದ ಹೊತ್ತಿನಿಂದ ಶುರುವಾದ ಗ್ರಿಫಿತ್ ಆಸ್ತಿ ಮೌಲ್ಯಮಾಪನ, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಇದ್ದ ಹೆಸರು ಎರಡನೆಯದರಲ್ಲಿ ಇಲ್ಲದಿದ್ದರೆ, ಆ ಖಾಲಿ ಜಾಗವೇ ನಿಮ್ಮ ಕುಟುಂಬ.

ಒಂದು ಉಪಕಥೆ, ನಮ್ಮ ಕಡೆಯದ್ದು. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದ ಮೈಕೆಲ್ ಲ್ಯಾವೆಲ್ ಅನ್ನುವ ಐರಿಷ್ ಸೈನಿಕ ಬೆಂಗಳೂರಿನಲ್ಲಿ ನೆಲೆಸಿದ್ದ. ಕೋಲಾರದ ಬಂಗಾರದ ಬಗ್ಗೆ ಹಳೇ ವರದಿಯೊಂದನ್ನು ಓದಿ, 1873ರಲ್ಲಿ ಗಣಿ ಹಕ್ಕಿಗೆ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದ್ದು. ನಿಮ್ಮ ಕಾದಂಬರಿ ಎರಡನೇ ಭಾಗ ಬೇಡಿದರೆ ಬಾಗಿಲು ಇಲ್ಲೇ ಇದೆ. ಮೊದಲನೇ ಭಾಗದೊಳಗೆ ಮಾತ್ರ ಕೋಲಾರವನ್ನು ಎಳೆದು ತರಬೇಡಿ.

ಹೆಜ್ಜೆ 12: ಎಲ್ಲಿ ನಿಲ್ಲಿಸಬೇಕು

ಯುರೇಕಾದ ಜೊತೆ ಮುಗಿಸಬೇಡಿ. 1855ರಲ್ಲಿ ತಿಂಗಳ ಲೈಸೆನ್ಸು ಹೋಗಿ, ವರ್ಷಕ್ಕೆ 1 ಪೌಂಡಿನ ಹಕ್ಕುಪತ್ರ ಬಂತು, ಅದರ ಜೊತೆ ಮತದಾನವೂ. 1860ರ ದಶಕದ ಭೂ ಕಾಯ್ದೆಗಳು ಸಣ್ಣವರಿಗೂ ನೆಲ ಕೊಳ್ಳುವ ದಾರಿ ಮಾಡಿದವು. ಅದರಲ್ಲಿ 1862ರದ್ದನ್ನು ತಂದ ಚಾರ್ಲ್ಸ್ ಗೇವನ್ ಡಫಿ ಕೂಡ ಐರ್ಲೆಂಡಿನಿಂದ ಬಂದವನೇ. ಬ್ಯಾಲರಾಟ್‌ನ ಪಕ್ಕದ ಬಂಗರೀಯ ಕೆಂಪು ಮಣ್ಣಿನಲ್ಲಿ ಐರಿಷ್ ಕುಟುಂಬಗಳು ನೆಲ ಹಿಡಿದವು. ಅಲ್ಲಿ ಅವರು ಬೆಳೆದದ್ದು ಏನು ಗೊತ್ತಾ? ಆಲೂಗಡ್ಡೆ.

ನನ್ನ ಕೊನೆಯ ಅಧ್ಯಾಯ ಅಲ್ಲಿದೆ. ಮೊದಲ ಫಸಲು ಕಿತ್ತು ಗುಂಡಿಯಲ್ಲಿ ಮುಚ್ಚಿಟ್ಟು ಕೆಲವು ವಾರವಾಗಿದೆ. ಗುಂಡಿ ತೆಗೆಯುವ ದಿನ ಅಪ್ಪ, ಮಕ್ಕಳು ಗುದ್ದಲಿ ಹಿಡಿದು ನಿಂತಿದ್ದಾರೆ. ಅಮ್ಮ ಎಲ್ಲರನ್ನೂ ಹಿಂದೆ ಸರಿಸಿ, ಮೇಲಿನ ಹುಲ್ಲು ಒಂದು ಹಿಡಿ ಕಿತ್ತು, ಮೊಣಕಾಲೂರಿ, ಮೂಗು ಹತ್ತಿರ ತಂದು ಮೂಸುತ್ತಾಳೆ.